ಬದುವಿನ ಹೆಂಟೆ

ನಾನು ಚಿಕ್ಕವಳಿದ್ದಾಗ ನಮ್ಮವ್ವ ರಾತ್ರಿ ಮಲಗುವ ಮುಂಚೆ ಮಾಡುತ್ತಿದ್ದ ಕೊನೆಯ ಕೆಲಸವೆಂದರೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವುದು. ಮನೆಯಲ್ಲಿ ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ. ಕೆಂಡ ಇರುವಾಗ ಕಡ್ಡಿ ಗೀರುವುದು ಅವಳ ಲೆಕ್ಕದಲ್ಲಿ ದುಂದು. ಉರಿದು ಉಳಿದ ನಾಲ್ಕು ಕೆಂಡಗಳನ್ನು ಒಂದೆಡೆ ಸೇರಿಸಿ, ಮೇಲೆ ಬೂದಿ ಎಳೆದು, ಊದುಗೊಳವೆಯ ತುದಿಯಿಂದ ಮೆಲ್ಲಗೆ ತಟ್ಟಿಬಿಡುತ್ತಿದ್ದಳು. ಬೆಳಗಿನ ಜಾವ ಬೂದಿ ಸರಿಸಿ ಒಂದು ಹಿಡಿ ಒಣಗರಿ ಇಟ್ಟು ಊದಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ನನಗೋ ಆ ಬೂದಿಯೊಳಗೆ ಕಡ್ಡಿ ಆಡಿಸಿ ಕೆಂಡ ಕೆಂಪಗೆ ಕಣ್ಣು ಬಿಡುವುದನ್ನು ನೋಡುವ ಹುಚ್ಚು. “ಕೆದಕಬೇಡ ಕಣೆ! ಕೆದಕಿದ್ರೆ ಬೆಳಿಗ್ಗೆಗೆ ಬರೀ ಬೂದಿ ಸಿಗ್ತದೆ” ಎಂದು ಅವ್ವ ಗದರುತ್ತಿದ್ದಳು.

ಆ ಗದರಿಕೆ ನನಗೆ ಮತ್ತೆ ಕೇಳಿಸಿದ್ದು ಐವತ್ತರ ಹೊಸ್ತಿಲಲ್ಲಿ, ಹೊಲದ ಮಣ್ಣಿನ ವಿಷಯ ಓದಲು ಕೂತಾಗ. ಇತಿಹಾಸದ ಪಾಠ ಮಾಡುವ ಟೀಚರಿಗೆ ಮಣ್ಣಿನ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನನ್ನ ತಮ್ಮನೂ ಹಾಗೇ ಕೇಳಿದ. ಅವನಿಗೆ ಹೇಳಿದ್ದನ್ನೂ, ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಶಿವನಿ. ಬೀರೂರಿನಿಂದ ಚಿಕ್ಕಜಾಜೂರಿನ ಕಡೆ ಹೋಗುವ ರೈಲು ಮಾರ್ಗದಲ್ಲಿ ಅಜ್ಜಂಪುರ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಅಜ್ಜಂಪುರವೇ ತಾಲ್ಲೂಕಾಗಿದೆ. ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ಪರಸ್ಥಳದವರು ಕಾಫಿ ತೋಟ, ಮಂಜು, ಬೆಟ್ಟ ಎಂದು ಕಣ್ಣರಳಿಸುತ್ತಾರೆ. ನಮ್ಮ ಕಡೆ ಅದೊಂದೂ ಇಲ್ಲ. ಮಳೆಯನ್ನು ನಂಬಿದ ಬಯಲು. ಕೆಲವು ಕಡೆ ಕೆಂಪು ನೆಲ, ಕೆಲವು ಕಡೆ ಎರೆ. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ನೆಲ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಎರೆ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಮಣ್ಣಿನ ಶಾಸ್ತ್ರದವರು ಹೇಳುವುದು ಇದಕ್ಕೇ.

ಆದರೂ ನಾವು ಉಳುತ್ತಿದ್ದೆವು. ಯುಗಾದಿಯ ಹೊತ್ತಿಗೆ ಅಪ್ಪ ಹೊನ್ನಾರು ಕಟ್ಟುತ್ತಿದ್ದ. ಎತ್ತಿನ ಕೊಂಬಿಗೆ ಎಣ್ಣೆ, ನೇಗಿಲಿಗೆ ಅರಿಶಿನ ಕುಂಕುಮ, ಹೊಲದಲ್ಲಿ ನಾಲ್ಕು ಸಾಲು. ನೇಗಿಲು ಜಾಲಿಯ ಮರದ್ದು, ತುದಿಗೆ ಮಾತ್ರ ಕಬ್ಬಿಣದ ಗುಳ. ಅದು ಗೇಣು ಆಳಕ್ಕೂ ಇಳಿಯುತ್ತಿರಲಿಲ್ಲ. ಮಣ್ಣನ್ನು ಸೀಳುತ್ತಿತ್ತೇ ಹೊರತು ಮಗುಚುತ್ತಿರಲಿಲ್ಲ. ಆಮೇಲೆ ಕುಂಟೆ, ಕೂರಿಗೆ, ಬೆಳೆ ಎದ್ದ ಮೇಲೆ ಎಡೆಕುಂಟೆ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬ ಗಾದೆಯನ್ನು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹಸಿ ಇದ್ದಾಗ ಹರಗಿದರೆ ಹೆಂಟೆ ಕಲ್ಲಾಗುತ್ತದೆ, ಒಣಗಿದಾಗ ಹರಗಿದರೆ ಧೂಳಾಗುತ್ತದೆ. ಎರಡರ ನಡುವಿನ ಒಂದೆರಡು ದಿನವೇ ಹದ.

ನಮ್ಮ ಎತ್ತುಗಳ ಮೇಲೆ ಅಪ್ಪನಿಗೆ ಬಲು ಹೆಮ್ಮೆ. ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟಿದಾಗ ಅವುಗಳ ಓಟ ನೋಡಬೇಕಿತ್ತು. ಅಮೃತಮಹಲ್ ತಳಿ ಅವು: ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಹತ್ತಿರ ಹೋದರೆ ಬುಸ್ಸೆನ್ನುವ ಸಿಟ್ಟು. ಆ ತಳಿಯ ಮನೆ ಇರುವುದೇ ನಮ್ಮ ಪಕ್ಕದ ಅಜ್ಜಂಪುರದಲ್ಲಿ. ಅಲ್ಲಿನ ತಳಿ ಸಂವರ್ಧನಾ ಕೇಂದ್ರಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಹೋಗಿದ್ದೇನೆ. ಹೋದಾಗಲೆಲ್ಲ ದನಗಳ ಕಥೆ ಹೇಳಿದ್ದೇನೆಯೇ ಹೊರತು, ಅವು ಮೇಯುವ ನೆಲದ ಕಥೆ ನನಗೆ ಹೊಳೆದದ್ದು ಬಹಳ ತಡವಾಗಿ.

ದನಗಳ ಕಥೆ ಹೀಗಿದೆ. ಮೈಸೂರಿನ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಒಂದು ದನದ ಹಿಂಡಿತ್ತು. ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಅದನ್ನು ಒಂದು ಇಲಾಖೆಯಾಗಿ ಮಾಡಿ ‘ಬೆಣ್ಣೆ ಚಾವಡಿ’ ಎಂದು ಕರೆದರು. ಹೈದರಾಲಿ ಪಾಳೆಯಗಾರರನ್ನು ಗೆದ್ದಾಗ ಅವರ ಹಟ್ಟಿಯ ದನಗಳನ್ನೂ ತಂದು ಸೇರಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಬೆರೆತು ಈ ತಳಿ ಗಟ್ಟಿಯಾಯಿತು. ಟಿಪ್ಪು ‘ಅಮೃತಮಹಲ್’ ಎಂದು ಹೆಸರಿಟ್ಟ. ಹೆಸರಿನಲ್ಲಿ ಅಮೃತವಿದ್ದರೂ ಆ ಹೊತ್ತಿಗೆ ಅವುಗಳ ಕೆಲಸ ಹಾಲು ಕೊಡುವುದಲ್ಲ, ಫಿರಂಗಿ ಎಳೆಯುವುದು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕಣ್ಣು ಇವುಗಳ ಮೇಲೂ ಬಿತ್ತು. 1813ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಕ್ಯಾಪ್ಟನ್ ಹಾರ್ವಿ ಉಸ್ತುವಾರಿ ವಹಿಸಿಕೊಂಡ. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಹಿಂಡನ್ನೇ ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಪೇಚಾಡಿ 1866ರಲ್ಲಿ ಮತ್ತೆ ಕಟ್ಟಿದರು.

ಇಷ್ಟನ್ನು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಹೇಳದೆ ಬಿಟ್ಟದ್ದು ಕಾವಲಿನ ವಿಷಯ. ಈ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲೇ ಕಾವಲು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಹಿಂಡು ಕಾಲಕ್ಕೆ ತಕ್ಕಂತೆ ನಡೆದುಹೋಗುತ್ತಿತ್ತು. ಟಿಪ್ಪುವಿನ ಕಾಲಕ್ಕೆ ಈಗಿನ ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗ, ಮೈಸೂರು ಕಡೆಗಳಲ್ಲಿ ಎಲ್ಲ ಸೇರಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿತ್ತಂತೆ. ಅಷ್ಟೂ ನೆಲ ದನಕ್ಕೇ ಮೀಸಲು. ಅಲ್ಲಿ ನೇಗಿಲು ಇಳಿಯುವಂತಿರಲಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ನಮ್ಮ ನಾಡಿನಲ್ಲಿ ಉಳುವುದಕ್ಕೆ ಉಳದ ನೆಲ ಬೇಕಾಗಿತ್ತು! ಕಾವಲಿನ ಹುಲ್ಲು ಮೇಯ್ದು ಬೆಳೆದ ಹೋರಿಯೇ ಹರಾಜಿನಲ್ಲಿ ರೈತನ ಮನೆಗೆ ಬಂದು ನೊಗಕ್ಕೆ ಕೊರಳು ಕೊಡುತ್ತಿತ್ತು. ನಮ್ಮಪ್ಪನ ಎರೆಹೊಲ ಹಸನಾದದ್ದು ಯಾವುದೋ ಹುಲ್ಲುಗಾವಲು ಹಸನಾಗದೆ ಉಳಿದದ್ದರಿಂದ. ಎತ್ತು ಮೂಲೆ ಸೇರಿದ ಮೇಲೆ ಈ ನಂಟು ಕಡಿಯಿತು. ಕಾವಲು ‘ಪಾಳು’ ಎನ್ನಿಸಿಕೊಂಡಿತು. 1940ರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯ ಕಾಲದಿಂದಲೇ ಎಷ್ಟೋ ಕಾವಲುಗಳನ್ನು ಸಾಗುವಳಿಗೆ ಹಂಚಿದ್ದರು. 2009-10ರ ಸುಮಾರಿಗೆ ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ ಕೃಷ್ಣಮೃಗಗಳ ಪುಣ್ಯದಿಂದ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಎತ್ತು ಉಳಿಸಲಾರದ ಹುಲ್ಲನ್ನು ಜಿಂಕೆ ಉಳಿಸಿತು.

ಇತ್ತ ಹೊಲಗಳಲ್ಲಿ ನೇಗಿಲೂ ಬದಲಾಯಿತು. ಮರದ ನೇಗಿಲನ್ನು ನೋಡಿ ನಕ್ಕ ದೊರೆಗಳೇ ಹೆಚ್ಚು. ಆದರೆ 1889ರಲ್ಲಿ ಇಂಗ್ಲೆಂಡಿನಿಂದ ಬಂದು ಇಲ್ಲಿನ ಬೇಸಾಯ ನೋಡಿದ ವೋಲ್ಕರ್ ಎಂಬ ರಸಾಯನ ಶಾಸ್ತ್ರಜ್ಞ ನಗಲಿಲ್ಲ. ಇಲ್ಲಿನ ಬೇಸಾಯ ಹಿಂದುಳಿದದ್ದು ಎಂಬ ಮಾತನ್ನು ಒಪ್ಪಲಿಲ್ಲ. ಹಗುರ ನೇಗಿಲು ಇಲ್ಲಿನ ಎತ್ತಿಗೂ ನೆಲಕ್ಕೂ ಹೊಂದುತ್ತದೆ ಎಂದ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದವರು ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರು ಅವರೇ. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ (1925) ಶುರುವಾದದ್ದೂ ಅವರ ಕಾಲದಲ್ಲಿ. ಕಬ್ಬಿಣದ ನೇಗಿಲನ್ನು ರೈತರಿಗೆ ಪರಿಚಯಿಸಲು ಅವರ ಇಲಾಖೆ ಶ್ರಮಿಸಿತು. ಅದರಲ್ಲಿ ತಪ್ಪು ಹುಡುಕುವುದು ಸುಲಭ. ಗರಿಕೆ, ಜೇಕು ಬೇರೂರಿದ ಹೊಲದಲ್ಲಿ ಮರದ ನೇಗಿಲು ಹಿಡಿದು ನಿಂತವನಿಗೆ ಮಣ್ಣು ಮಗುಚುವ ಕಬ್ಬಿಣ ಎಷ್ಟು ದೊಡ್ಡ ವರವಾಗಿತ್ತೆಂದು ಮರೆಯಬಾರದು. ನೇಗಿಲು ಇದ್ದದ್ದೇ ಮುಖ್ಯವಾಗಿ ಕಳೆಗಾಗಿ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕಬ್ಬಿಣದ ನೇಗಿಲು ಅತಿಯಾದರೆ ಏನಾಗುತ್ತದೆಂದು ಜಗತ್ತಿಗೆ ತೋರಿಸಿದ್ದು ಅಮೆರಿಕ. ಅಲ್ಲಿನ ನಡುನಾಡಿನಲ್ಲೂ ನಮ್ಮ ಕಾವಲಿನಂತೆ ದೊಡ್ಡ ಹುಲ್ಲುಗಾವಲಿತ್ತು. ಗೋಧಿಯ ಆಸೆಗೆ ಟ್ರ್ಯಾಕ್ಟರ್ ಹಚ್ಚಿ ಮಗುಚಿದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ ಬೇರಿಲ್ಲದ ಆ ಮಣ್ಣು ಗಾಳಿಗೆದ್ದಿತು. 1935ರ ಏಪ್ರಿಲ್ 14ರ ಭಾನುವಾರ ಹಗಲೇ ಕತ್ತಲಾಯಿತು. ಅದನ್ನು ಇಂದಿಗೂ ‘ಕಪ್ಪು ಭಾನುವಾರ’ ಎನ್ನುತ್ತಾರೆ. ಅದೇ ತಿಂಗಳು ಅಲ್ಲಿ ಮಣ್ಣು ಉಳಿಸುವ ಕಾನೂನು ಬಂತು. 1943ರಲ್ಲಿ ಎಡ್ವರ್ಡ್ ಫಾಕ್ನರ್ ಎಂಬಾತ, ನೇಗಿಲಿನಿಂದ ಮಣ್ಣು ಮಗುಚಲು ಸರಿಯಾದ ಕಾರಣವನ್ನು ಯಾರೂ ಕೊಟ್ಟಿಲ್ಲ ಎಂದು ವಾದಿಸಿ ಪುಸ್ತಕ ಬರೆದಾಗ ದೊಡ್ಡ ಗದ್ದಲವೇ ಆಯಿತಂತೆ. ಜಪಾನಿನ ಫುಕುವೋಕಾ ಉಳದೆ ಭತ್ತ ಬೆಳೆದು ತೋರಿಸಿದ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಅವನ ವಿಚಾರಗಳನ್ನು ‘ಸಹಜ ಕೃಷಿ’ ಎಂಬ ಪುಸ್ತಕದಲ್ಲಿ ಕನ್ನಡಕ್ಕೆ ತಂದರು. ಆ ಪುಸ್ತಕ ಓದಿದಾಗ ನಾನು ಅದನ್ನು ತತ್ವಶಾಸ್ತ್ರ ಎಂದುಕೊಂಡು ಕಪಾಟಿಗೆ ಸೇರಿಸಿದ್ದೆ.

ಕಪಾಟಿನಿಂದ ಅದನ್ನು ಹೊರಗೆ ತೆಗೆಸಿದ್ದು ತಮ್ಮನ ಮಣ್ಣು ಪರೀಕ್ಷೆಯ ಕಾರ್ಡು. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಯೋಜನೆ ತಂದಿತಲ್ಲ, ಅದರಲ್ಲಿ ನಮ್ಮ ಹೊಲದ ಮಣ್ಣೂ ಪರೀಕ್ಷೆಗೆ ಹೋಗಿತ್ತು. ಸಾವಯವ ಇಂಗಾಲ ಶೇಕಡಾ ಅರ್ಧಕ್ಕಿಂತ ಕೆಳಗಿದ್ದರೆ ‘ಕಡಿಮೆ’, ಮುಕ್ಕಾಲಿಗಿಂತ ಮೇಲಿದ್ದರೆ ‘ಹೆಚ್ಚು’. ನಮ್ಮದು ಕಡಿಮೆ. “ಏನಕ್ಕ ಇದು ಇಂಗಾಲ ಅಂದ್ರೆ? ಯಾವ ಅಂಗಡೀಲಿ ಸಿಗ್ತದೆ?” ಎಂದು ತಮ್ಮ ಕೇಳಿದ. ಮಕ್ಕಳಿಗೆ ಪಾಠ ಹೇಳುವವಳು ನಾನು, ಉತ್ತರ ತಿಳಿಯಲಿಲ್ಲ. ಆ ರಾತ್ರಿ ನಿಘಂಟು ತೆಗೆದೆ. ಇಂಗಾಲ ಎಂಬುದು ಅಂಗಾರ ಎಂಬುದರ ಇನ್ನೊಂದು ರೂಪ. ಅಂಗಾರವೆಂದರೆ ಕೆಂಡ, ಇದ್ದಿಲು!

ಅವ್ವನ ಒಲೆ ಕಣ್ಣ ಮುಂದೆ ಬಂತು. ಆಮೇಲೆ ಓದಿದ್ದೆಲ್ಲ ಸಲೀಸಾಗಿ ತಲೆಗೆ ಹೋಯಿತು. ಗಿಡ ಗಾಳಿಯಿಂದ ಇಂಗಾಲ ಹೀರಿ ಎಲೆ, ಕಾಂಡ, ಬೇರು ಮಾಡಿಕೊಳ್ಳುತ್ತದೆ. ಬೇರು, ಎಲೆ ಸತ್ತು ಮಣ್ಣು ಸೇರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಒಂದು ಪಾಲನ್ನು ಮತ್ತೆ ಗಾಳಿಗೆ ಬಿಡುತ್ತವೆ, ಒಂದು ಪಾಲು ಮಣ್ಣಿನ ಕಣಗಳ ನಡುವೆ ಅಡಗಿ ಉಳಿಯುತ್ತದೆ. ತಂಬಿಟ್ಟಿನ ಉಂಡೆ ನಿಲ್ಲಲು ಬೆಲ್ಲದ ಪಾಕ ಬೇಕಲ್ಲವೇ? ಹಾಗೆ ಬೇರಿನ ಅಂಟು, ಬೂಷ್ಟಿನ ನವಿರಾದ ಎಳೆಗಳು, ಎರೆಹುಳುವಿನ ಹಿಕ್ಕೆ, ಇವೆಲ್ಲ ಮಣ್ಣಿನ ಕಣಗಳನ್ನು ಸಣ್ಣ ಸಣ್ಣ ಉಂಡೆ ಕಟ್ಟುತ್ತವೆ. ಉಂಡೆಯೊಳಗೆ ಸಿಕ್ಕ ಇಂಗಾಲಕ್ಕೆ ಗಾಳಿ ತಾಗುವುದಿಲ್ಲ, ಜೀವಿಗಳ ಬಾಯಿಗೂ ಬೇಗ ಸಿಗುವುದಿಲ್ಲ. ಉಂಡೆಗಳ ನಡುವಿನ ಸಂದಿಯಲ್ಲಿ ನೀರು ಇಂಗುತ್ತದೆ, ಬೇರು ಉಸಿರಾಡುತ್ತದೆ. ಉತ್ತಾಗ ಈ ಉಂಡೆ ಒಡೆಯುತ್ತದೆ. ಗಾಳಿ ಆಡುತ್ತದೆ, ಜೀವಿಗಳಿಗೆ ಹಬ್ಬ. ಅಡಗಿದ್ದ ಇಂಗಾಲ ಉರಿದು ಗಾಳಿಗೆ ಹೋಗುತ್ತದೆ. ಆಗ ಕರಗಿ ಬಂದ ಸಾರದಿಂದ ಆ ವರ್ಷದ ಬೆಳೆ ಚೆನ್ನಾಗಿಯೇ ಬರುತ್ತದೆ. ಕೆದಕಿದ ಕೆಂಡವೂ ಒಂದು ಕ್ಷಣ ಹೆಚ್ಚು ಕೆಂಪಾಗುತ್ತದಲ್ಲ, ಹಾಗೆ. ಮೋಸ ಇರುವುದು ಅಲ್ಲೇ.

ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಇಂಗಾಲ ಹೀಗೆ ಅಡಗಿದೆ ಎಂದು ಲೆಕ್ಕ ಹಾಕಿದ್ದಾರೆ. ಗಾಳಿಯಲ್ಲಿ ಇರುವುದಕ್ಕಿಂತ ಅದು ಹೆಚ್ಚು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಮಣ್ಣಿನ ಬೂದಿ ಮುಚ್ಚುವುದು ಬರೀ ರೈತನ ಮನೆಯ ವಿಷಯವಲ್ಲ. ಅದಕ್ಕೇ 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಫ್ರಾನ್ಸ್ ದೇಶವು ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಹೆಚ್ಚಿಸುವ ಮಾತೆತ್ತಿತು.

2018ರಲ್ಲಿ ಎಂಟನೆಯ ತರಗತಿಯ ಮಕ್ಕಳ ಮುಂದೆ ಎರಡು ಗಾಜಿನ ಲೋಟ ಇಟ್ಟೆ. “ಇದು ನಮ್ಮ ಪಾಠ, ಮೇಡಂ” ಎಂದು ವಿಜ್ಞಾನದ ಮೇಷ್ಟ್ರು ನಕ್ಕರು. ಒಂದು ಲೋಟಕ್ಕೆ ಅಜ್ಜಂಪುರದ ಕಾವಲಿನ ಅಂಚಿನಿಂದ ತಂದ ಒಣ ಹೆಂಟೆ, ಇನ್ನೊಂದಕ್ಕೆ ತಮ್ಮನ ಹೊಲದ್ದು. ನೀರಿಗೆ ಬಿಟ್ಟ ಕೂಡಲೇ ಹೊಲದ ಹೆಂಟೆ ಬುಳುಬುಳು ಎಂದು ಕರಗಿ ತಳ ಸೇರಿತು, ನೀರು ಕದಡಿತು. ಕಾವಲಿನದು ಗಂಟೆ ಹೊಡೆಯುವವರೆಗೂ ನಿಂತಿತ್ತು. ಹೆಮ್ಮೆಯಿಂದ ಮನೆಯಲ್ಲಿ ಹೇಳಿದರೆ ತಮ್ಮ ಒಪ್ಪಲಿಲ್ಲ. “ಅಲ್ಲಿಯದು ಕೆಂಪು, ನಮ್ಮದು ಎರೆ. ಅಕ್ಕಿಗೂ ರಾಗಿಗೂ ತೂಕ ಹಾಕ್ದಂಗಾಯ್ತು ಕಣಕ್ಕ” ಎಂದ. ನ್ಯಾಯವಾದ ಮಾತು. ಮರುದಿನ ಅವನನ್ನೇ ಕರೆದುಕೊಂಡು ಹೊಲಕ್ಕೆ ಹೋದೆ. ಅಜ್ಜನ ಕಾಲದಿಂದ ನೇಗಿಲು ತಾಗದ ಎರೆಮಣ್ಣು ನಮ್ಮ ಹೊಲದಲ್ಲೇ ಇತ್ತು: ಬದು! ಬದುವಿನ ಹುಲ್ಲಿನ ಬುಡದಿಂದ ಒಂದು ಹೆಂಟೆ, ಅಲ್ಲಿಂದ ನಾಲ್ಕು ಮಾರು ದೂರದ ಉತ್ತ ನೆಲದಿಂದ ಒಂದು. ಎರಡನ್ನೂ ನೆರಳಲ್ಲಿ ಒಣಗಿಸಿ ನೀರಿಗೆ ಬಿಟ್ಟೆವು. ಹೊಲದ್ದು ಕರಗಿತು, ಬದುವಿನದು ಅಂಚು ಸವೆದರೂ ನಿಂತಿತು. ತಮ್ಮ ಏನೂ ಹೇಳದೆ ಲೋಟ ತೊಳೆದಿಟ್ಟು ಹೋದ. ಆ ವಾರ ಅವನು ಈರುಳ್ಳಿಗೆಂದು ರೋಟವೇಟರ್ ಹೊಡೆಸಬೇಕಿತ್ತು, ಹೊಡೆಸಿದ. ಈರುಳ್ಳಿಗೆ ಮಣ್ಣು ಹಿಟ್ಟಿನಂತಿರಬೇಕು ಎಂಬುದು ನಮ್ಮ ಕಡೆಯ ನಂಬಿಕೆ.

ಅಪ್ಪ ನನ್ನ ಹೆಸರಿಗೆ ಬರೆದಿಟ್ಟ ಎರಡು ಎಕರೆ ಇದೆ. ತಮ್ಮನೇ ಮಾಡಿಕೊಂಡಿದ್ದ. 2019ರಲ್ಲಿ ನಾನು ಬಾಯಿ ಬಿಟ್ಟು ಕೇಳಿದೆ: “ನನ್ನ ಎರಡು ಎಕರೆಗೆ ಮೂರ್ನಾಲ್ಕು ವರ್ಷ ಟ್ರ್ಯಾಕ್ಟರ್ ಇಳಿಸಬೇಡ.” ಅವನ ಮುಖ ಸಣ್ಣಗಾಯಿತು. ಉಳದ ಹೊಲವೆಂದರೆ ಗಂಡುದಿಕ್ಕಿಲ್ಲದ ಹೊಲ ಎಂದು ಊರು ಆಡಿಕೊಳ್ಳುತ್ತದೆ. “ಅಕ್ಕನ ಹೊಲ ಬೀಳು ಬಿಟ್ಟಿದೀಯಲ್ಲೋ” ಎಂದು ಚಹದ ಅಂಗಡಿಯಲ್ಲಿ ಅವನನ್ನು ಕೇಳಿದರಂತೆ. ಅಕ್ಕ ತಮ್ಮಂದಿರ ನಡುವೆ ಆಸ್ತಿಯ ಮಾತು ಬಂದಿತೇನೋ ಎಂದು ನಮ್ಮ ಬೀಗರ ಮನೆಯವರೂ ವಿಚಾರಿಸಿದರು. ಒಂದು ಹೆಂಟೆ ಮಣ್ಣಿನಿಂದ ಇಷ್ಟೆಲ್ಲ ಆಗುತ್ತದೆಂದು ನಾನು ಎಣಿಸಿರಲಿಲ್ಲ.

ಆದರೆ ನಿಜವಾದ ಮಾತು ಹೇಳಿದವಳು ಅವ್ವ. ಎಂಬತ್ತು ದಾಟಿದವಳು, ಜಗಲಿಯಲ್ಲಿ ಕೂತು ನಮ್ಮಿಬ್ಬರ ವಾದ ಕೇಳಿದಳು. ಕೊನೆಗೆ ನನ್ನತ್ತ ತಿರುಗಿ, “ಉಳದಿದ್ರೆ ಕಳೆ ಯಾರು ಕೀಳ್ತಾರೆ? ನೀನು ಕೀಳ್ತೀಯಾ?” ಎಂದಳು.

ನಾನು ಸುಮ್ಮನಾದೆ. ಅವ್ವನ ಬೆನ್ನು ಬಾಗಿರುವುದು ವಯಸ್ಸಿಗಷ್ಟೇ ಅಲ್ಲ. ಮೂವತ್ತು ನಲವತ್ತು ವರ್ಷ ಕೂಲಿಯವರ ಜೊತೆ ಸಾಲು ಹಿಡಿದು, ಕುಡುಗೋಲು, ಕಳೆಗುದ್ದಲಿ ಹಿಡಿದು ಕುಕ್ಕರುಗಾಲಲ್ಲಿ ಹೊಲವನ್ನೆಲ್ಲ ಅಳೆದವಳು. ನೇಗಿಲು ಹಿಡಿಯುವುದು ಗಂಡಸಿನ ಕೆಲಸ, ಕಳೆ ಕೀಳುವುದು ಹೆಂಗಸಿನದು. ಇದನ್ನು ಯಾವ ರಾಜನೂ ಶಾಸನ ಬರೆಸಿ ಮಾಡಿದ್ದಲ್ಲ. ನೇಗಿಲಿಗೆ ನಾವು ಪೂಜೆ ಮಾಡಿದ್ದೇವೆ, ಅದರ ಮೇಲೆ ಹಾಡು ಕಟ್ಟಿದ್ದೇವೆ. ಕಳೆಗುದ್ದಲಿಗೆ ಏನಿದೆ? ಆಳವಾಗಿ ಉತ್ತರೆ ಕಳೆ ಕಡಿಮೆ. ಅಂದರೆ ನೇಗಿಲು ಹೆಣ್ಣಿನ ಬೆನ್ನಿನ ಭಾರವನ್ನೂ ಒಂದಿಷ್ಟು ಇಳಿಸಿತ್ತು. ಉಳಬೇಡಿ ಎಂದು ಪುಸ್ತಕ ಬರೆದ ಮಹನೀಯರಲ್ಲಿ ಈ ಪ್ರಶ್ನೆಯನ್ನು ಅವ್ವನಷ್ಟು ನೇರವಾಗಿ ಕೇಳಿದವರನ್ನು ನಾನು ಕಾಣೆ.

ಅಮೆರಿಕದಲ್ಲಿ ಇದಕ್ಕೆ ಕಂಡುಕೊಂಡ ಉತ್ತರ ಕಳೆನಾಶಕ. 1962ರಲ್ಲಿ ಕೆಂಟಕಿಯ ರೈತ ಹ್ಯಾರಿ ಯಂಗ್ ಉಳದೆ ಜೋಳ ಬಿತ್ತಿ ಹೆಸರಾದದ್ದು ಔಷಧದ ನೆರವಿನಿಂದ. ಇಂದು ಜಗತ್ತಿನ 'ಉಳದ ಬೇಸಾಯ'ದ ಬಹುಪಾಲು ನಿಂತಿರುವುದು ಆ ಔಷಧಗಳ ಮೇಲೆಯೇ. ಅವುಗಳಲ್ಲಿ ಮುಖ್ಯವಾದ ಗ್ಲೈಫೊಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಅನುಮಾನದ ಪಟ್ಟಿಗೆ ಸೇರಿಸಿತು. 2022ರಲ್ಲಿ ನಮ್ಮ ಕೇಂದ್ರ ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿತು. ಮಣ್ಣು ಉಳಿಸಲು ಹೋಗಿ ವಿಷ ಸುರಿಯುವುದು ನನಗೆ ಬೇಡವಾಗಿತ್ತು. ಉಳಿದದ್ದು ಕೈ, ಹೊದಿಕೆ, ಜೊತೆಬೆಳೆ.

ಆ ಮುಂಗಾರಿಗೆ ಕೋಲಿನಿಂದ ಗುಳಿ ಮಾಡಿ ಮೆಕ್ಕೆಜೋಳ ಊರಿಸಿದೆ, ನಡುನಡುವೆ ತೊಗರಿಯ ಅಕ್ಕಡಿ. ಕಳೆ ಎದ್ದದ್ದು ನೋಡಬೇಕಿತ್ತು! ಕೂಲಿಗೇ ಬೆಳೆಯ ದುಡ್ಡು ಸರಿಹೋಯಿತು. ಇಳುವರಿಯೂ ತಮ್ಮನ ಹೊಲಕ್ಕಿಂತ ಕಡಿಮೆ. ಜೋಳದ ಕಡ್ಡಿಯನ್ನು ನೆಲದ ಮೇಲೇ ಹರಡಿ ಬಿಡೋಣವೆಂದರೆ ತಮ್ಮನ ಹಸುಗಳಿಗೆ ಮೇವು ಬೇಡವೇ? ಬಯಲುಸೀಮೆಯಲ್ಲಿ ಹೊದಿಕೆ ಎನ್ನುವುದು ದನದ ಬಾಯಿಂದ ಕಿತ್ತುಕೊಳ್ಳುವ ತುತ್ತು. ಅರ್ಧ ಹಸುವಿಗೆ, ಅರ್ಧ ನೆಲಕ್ಕೆ ಎಂದು ರಾಜಿಯಾದೆವು.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ಮಳೆಗಾಲದಲ್ಲಿ ಒಂದು ವಾರ ನಾನೂ ಹೆಂಗಸರ ಜೊತೆ ಕಳೆಗೆ ಕೂತೆ. ಮೂರನೆಯ ದಿನ ಏಳಲಾಗಲಿಲ್ಲ. “ಮೇಡಂಗೆ ಸೀಮೆಸುಣ್ಣದಷ್ಟು ಹಗುರ ಇಲ್ಲ ಕಳೆ” ಎಂದು ಒಬ್ಬಾಕೆ ಚುಡಾಯಿಸಿದಳು. ಆ ವರ್ಷ ಅವರೇ ಒಂದು ಉಪಾಯ ಹೇಳಿಕೊಟ್ಟರು: ಸಾಲಿನ ನಡುವೆ ಹುರುಳಿ ಚೆಲ್ಲಿ, ಬಳ್ಳಿ ಹಬ್ಬಿದರೆ ಕಳೆಗೆ ಬಿಸಿಲು ಸಿಗುವುದಿಲ್ಲ. ಹಾಗೇ ಮಾಡಿದೆ. ಮೂರನೆಯ ವರ್ಷಕ್ಕೆ ಕಳೆಯ ಆಳು ಸುಮಾರು ಅರ್ಧಕ್ಕೆ ಇಳಿಯಿತು. ಜೋರು ಮಳೆ ಬಂದು ನಿಂತ ಮೇಲೆ ಅಕ್ಕಪಕ್ಕದ ಹೊಲದಲ್ಲಿ ಮಣ್ಣು ಹೆಕ್ಕಳಿಕೆ ಕಟ್ಟಿ ಮೊಳಕೆ ಒದ್ದಾಡಿದರೆ ನನ್ನದರಲ್ಲಿ ಹಾಗಾಗಲಿಲ್ಲ. ಹೆಂಟೆಯನ್ನು ನೀರಿಗೆ ಬಿಟ್ಟು ನೋಡಿದೆ. ಬದುವಿನಷ್ಟಲ್ಲ, ಆದರೆ ಮೊದಲಿಗಿಂತ ಹೆಚ್ಚು ಹೊತ್ತು ನಿಂತಿತು.

ಇದನ್ನು ಪವಾಡವೆಂದು ಹೇಳಲಾರೆ. 2023ರ ಬರಗಾಲ ನನ್ನ ಹೊಲವನ್ನೂ ಬಿಡಲಿಲ್ಲ. ತಮ್ಮನ ಪೈರು ಬಾಡಿದ ಕೆಲವು ದಿನಗಳ ಮೇಲೆ ನನ್ನದು ಬಾಡಿತು, ಅಷ್ಟೇ. ಇಂಗಾಲದ ಲೆಕ್ಕವೂ ಅಂದುಕೊಂಡಷ್ಟು ಸುಲಭವಲ್ಲ. ಉಳದ ಹೊಲದಲ್ಲಿ ಇಂಗಾಲ ಮೇಲ್ಪದರದಲ್ಲಿ ಕೂಡುತ್ತದೆ, ಆಳದಲ್ಲಿ ಅಷ್ಟು ಕಾಣುವುದಿಲ್ಲ. ಹೆಚ್ಚಿನ ಪರೀಕ್ಷೆಗಳು ಮೇಲಿನ ಒಂದಡಿಯನ್ನಷ್ಟೇ ನೋಡಿವೆ ಎಂದು 2007ರಲ್ಲಿ ಅಮೆರಿಕದ ವಿಜ್ಞಾನಿಗಳೇ ಎಚ್ಚರಿಸಿದರು. 2014ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಸ್ಥೆಯವರೂ, ಉಳದಿರುವುದರಿಂದ ಮಣ್ಣಿಗೆ ಒಳ್ಳೆಯದಾಗುವುದು ನಿಜ, ಆದರೆ ಹವಾಮಾನವನ್ನೇ ತಿದ್ದಿಬಿಡುತ್ತದೆಂಬ ಆಸೆ ಅತಿಯಾಯಿತು ಎಂದರು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ನಮ್ಮಂಥದೇ ಎರೆನೆಲದಲ್ಲಿ ಪ್ರಯೋಗ ನಡೆಸಿತು. ಅಗಲ ಮಡಿ, ಕಾಲುವೆ, ಧಾನ್ಯದ ಜೊತೆ ತೊಗರಿಯಂಥ ಬೇಳೆಕಾಳು, ಹದವಾದ ಗೊಬ್ಬರ. ಇವೆಲ್ಲ ಕೂಡಿದಾಗ ಇಪ್ಪತ್ತನಾಲ್ಕು ವರ್ಷಗಳಲ್ಲಿ ಹಳೆಯ ಪದ್ಧತಿಯ ಹೊಲಕ್ಕಿಂತ ಇಂಗಾಲವೂ ಹೆಚ್ಚಾಯಿತು, ಧಾನ್ಯ ಸುಮಾರು ಐದು ಪಟ್ಟಾಯಿತು. ಅಂದರೆ ನೇಗಿಲು ಬಿಟ್ಟರಷ್ಟೇ ಸಾಲದು. ಬೇರು, ಹೊದಿಕೆ, ಜೊತೆಬೆಳೆ ಎಲ್ಲ ಸೇರಬೇಕು. ಬೂದಿ ಮುಚ್ಚಿದರೆ ಸಾಲದು, ಕೆಂಡವೂ ಇರಬೇಕಲ್ಲ!

ನಾನು ಮಕ್ಕಳಿಗೆ ಕಲಿಸುವ ಇತಿಹಾಸದಲ್ಲಿ ಕಾಡು ಕಡಿದು ಹೊಲ ಮಾಡಿದ ರಾಜರಿದ್ದಾರೆ, ಕೆರೆ ಕಟ್ಟಿಸಿದವರಿದ್ದಾರೆ. ನೆಲವನ್ನು ಮುಟ್ಟದೆ ಬಿಟ್ಟವರ ಅಧ್ಯಾಯವಿಲ್ಲ. ಹಾಗೆ ಬಿಡುವುದಕ್ಕೆ ಯಾರೋ ಬೆಲೆ ಕೊಟ್ಟಿರುತ್ತಾರೆ. ಕಾವಲಿಗೆ ಬೆಲೆ ಕೊಟ್ಟವರು ಅಲ್ಲಿ ಬಿತ್ತಲಾಗದೆ ನಿಂತ ಬಡ ರೈತರು. ಉಳದ ಹೊಲಕ್ಕೆ ಬೆಲೆ ಕೊಡುವವರು ಕಳೆ ಕೀಳುವ ಹೆಂಗಸರು. ಈಗ ಕಾವಲಿನ ಪಾಠ ಮಾಡುವಾಗ ದನದ ಕಥೆಯ ಜೊತೆಗೆ ಇದನ್ನೂ ಹೇಳುತ್ತೇನೆ. ನನ್ನ ಎರಡು ಎಕರೆಯ ಲೆಕ್ಕದ ಪುಸ್ತಕದಲ್ಲಿ ಕಳೆಯ ಕೂಲಿಯನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ, ದರವೂ ಊರಿನ ದರಕ್ಕಿಂತ ಸ್ವಲ್ಪ ಮೇಲೆಯೇ.

ತಮ್ಮ ಇನ್ನೂ ಉಳುತ್ತಾನೆ. ಮೊದಲೆಲ್ಲ ಪ್ರತಿ ವರ್ಷ ಟ್ರ್ಯಾಕ್ಟರ್ ಬದುವನ್ನು ಇಷ್ಟಿಷ್ಟೇ ಕೆರೆಯುತ್ತಿತ್ತು. ಹಾಗೆ ಕೆರೆದು ಕೆರೆದು ನಮ್ಮ ಬದು ಒಂದು ಮೊಳಕ್ಕೆ ಇಳಿದಿತ್ತು. ಈ ವರ್ಷ ಹೊಲಕ್ಕೆ ಹೋದಾಗ ನೋಡಿದೆ: ಬದುವಿನ ಪಕ್ಕದ ಎರಡು ಮಾರು ನೆಲ ಉತ್ತಿಲ್ಲ. ಹುಲ್ಲು ಎದ್ದಿದೆ. ಅವನ ಹಸು ಅಲ್ಲೇ ಮೇಯುತ್ತಿತ್ತು.

“ಏನೋ ಇದು?” ಎಂದೆ.

“ಟ್ರ್ಯಾಕ್ಟರ್ ತಿರುಗಲಿಲ್ಲ ಕಣಕ್ಕ” ಎಂದ, ನನ್ನ ಮುಖ ನೋಡದೆ.